ಅಪ್‌ಗ್ರೇಡ್ ಸಿಗುತ್ತಾ? ಮೊದಲು ಟಿಕೆಟ್ಟಿನ ಅಕ್ಷರ ನೋಡಿ

ಎಕಾನಮಿ ಟಿಕೆಟ್ ಅಂದರೆ ಎಲ್ಲರದ್ದೂ ಒಂದೇ ಟಿಕೆಟ್ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಮೂವರ ಕೈಯಲ್ಲಿ ಮೂರು ಬಗೆಯ ಟಿಕೆಟ್ ಇರಬಹುದು. ಸೀಟು ಅದೇ, ಊಟ ಅದೇ, ಕಾಲು ಚಾಚಲು ಇರುವ ಜಾಗವೂ ಅಷ್ಟೇ. ಆದರೆ ಒಬ್ಬರು ಕೊಟ್ಟ ದುಡ್ಡು ಪಕ್ಕದವರು ಕೊಟ್ಟಿದ್ದಕ್ಕಿಂತ ಎರಡು ಮೂರು ಪಟ್ಟು ಇರಬಹುದು. ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಖಾಲಿ ಉಳಿದರೆ, ಹಿಂದಿನವರನ್ನು ಅಲ್ಲಿಗೆ ಕಳಿಸುವ ಅಪ್‌ಗ್ರೇಡ್ ಪಟ್ಟಿಯ ಮೇಲ್ಭಾಗದಲ್ಲಿ ಒಬ್ಬರ ಹೆಸರು ಇರುತ್ತದೆ, ಇನ್ನೊಬ್ಬರದ್ದು ಕೆಳಗೆಲ್ಲೋ ಇರುತ್ತದೆ, ಮತ್ತೊಬ್ಬರದ್ದು ಇರುವುದೇ ಇಲ್ಲ. ಹೀಗಾಗುವುದರಲ್ಲಿ ಟಿಕೆಟ್ಟಿನ ಮೇಲಿನ ಒಂದು ಅಕ್ಷರದ ಪಾಲು ದೊಡ್ಡದು.

ಆ ಅಕ್ಷರ ಎಲ್ಲಿರುತ್ತದೆ? ಈ-ಟಿಕೆಟ್ ತೆರೆದು ನೋಡಿ. ವಿಮಾನದ ನಂಬರ್, ಹೊರಡುವ ಹೊತ್ತು, ಟರ್ಮಿನಲ್ ಎಲ್ಲ ದಪ್ಪ ಅಕ್ಷರದಲ್ಲಿರುತ್ತದೆ. ಅದರ ಕೆಳಗೆಲ್ಲೋ ಸಣ್ಣದಾಗಿ 'ಎಕಾನಮಿ' ಅಂತ ಬರೆದು ಪಕ್ಕದಲ್ಲಿ 'ಕೆ' ಅಂತಲೋ 'ಕ್ಯೂ' ಅಂತಲೋ 'ವಿ' ಅಂತಲೋ ಒಂದು ಅಕ್ಷರ ಕೂತಿರುತ್ತದೆ. ಅದೇ ಫೇರ್ ಕ್ಲಾಸ್. ಬುಕಿಂಗ್ ಕ್ಲಾಸ್ ಅಂತಲೂ ಹೇಳುತ್ತಾರೆ. ಇನ್ನೂ ಕೆಳಗೆ ಹೋದರೆ ಅಕ್ಷರ, ಅಂಕಿ ಬೆರೆತ ಉದ್ದನೆಯ ಒಂದು ಕೋಡ್ ಸಿಗುತ್ತದೆ. ಅದು ಫೇರ್ ಬೇಸಿಸ್. ಟಿಕೆಟ್ ಬದಲಾಯಿಸಬಹುದಾ, ಹಣ ವಾಪಸ್ ಬರುತ್ತದಾ, ಎಷ್ಟು ದಿನ ಮೊದಲು ಕೊಳ್ಳಬೇಕಿತ್ತು, ಇಂಥ ನಿಯಮಗಳೆಲ್ಲ ಆ ಕೋಡಿಗೆ ಅಂಟಿಕೊಂಡಿರುತ್ತವೆ. ಸಾಮಾನ್ಯವಾಗಿ ಅದರ ಮೊದಲ ಅಕ್ಷರವೇ ಫೇರ್ ಕ್ಲಾಸ್ ಆಗಿರುತ್ತದೆ.

ಎಕಾನಮಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು 'ವೈ'. ಪೂರ್ತಿ ದರ, ಜಾಸ್ತಿ ಸ್ವಾತಂತ್ರ್ಯ. ಅಲ್ಲಿಂದ ಕೆಳಗೆ ಬಿ, ಎಂ, ಎಚ್, ಕೆ, ಎಲ್ ಅಂತ ಇಳಿಯುತ್ತಾ ಹೋಗುತ್ತದೆ. ಬಿಸಿನೆಸ್‌ಗೆ ಜೆ, ಸಿ, ಡಿ. ಫಸ್ಟ್ ಕ್ಲಾಸಿಗೆ ಎಫ್. ಇವುಗಳಲ್ಲಿ ವೈ, ಜೆ, ಎಫ್ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಿಕ್ಕ ಅಕ್ಷರಗಳಿಗೆ ಆಯಾ ಕಂಪನಿ ಕೊಟ್ಟಿದ್ದೇ ಅರ್ಥ. 'ಬಿ'ಯನ್ನೇ ತೆಗೆದುಕೊಳ್ಳಿ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಅದು ವೈ ಪಕ್ಕದಲ್ಲೇ ನಿಲ್ಲುವ ದುಬಾರಿ ಟಿಕೆಟ್. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಅದೇ ಬಿ ಅಕ್ಷರ ಎಲ್ಲಕ್ಕಿಂತ ಅಗ್ಗದ ಬೇಸಿಕ್ ಎಕಾನಮಿಗೆ. ಹಾಗಾಗಿ ಒಂದು ಕಂಪನಿಯ ಅಕ್ಷರಮಾಲೆ ಕಲಿತು ಇನ್ನೊಂದು ಕಂಪನಿಯ ಟಿಕೆಟ್ ಓದಲು ಹೋಗಬೇಡಿ. ಎಲ್ಲ ಕಡೆಗೂ ಸಲ್ಲುವ ಪಟ್ಟಿ ಅಂತ ಯಾರಾದರೂ ಕೊಟ್ಟರೆ ನಂಬಬೇಡಿ.

ಅಪ್‌ಗ್ರೇಡ್‌ಗೂ ಈ ಅಕ್ಷರಕ್ಕೂ ಇರುವ ನಂಟು ಇವತ್ತು ನಿನ್ನೆಯದಲ್ಲ. ನಿಜ ಹೇಳಬೇಕೆಂದರೆ ಬಿಸಿನೆಸ್ ಕ್ಲಾಸ್ ಹುಟ್ಟಿದ್ದೇ ಈ ಅಕ್ಷರದಿಂದ. 1970ರ ದಶಕದಲ್ಲಿ ರಿಯಾಯಿತಿ ಟಿಕೆಟ್‌ಗಳು ಜಾಸ್ತಿ ಆದವು. ಪೂರ್ತಿ ದರ ಕೊಟ್ಟ ವ್ಯಾಪಾರಿಗಳೂ, ಅದರ ಅರ್ಧಕ್ಕೋ ಇನ್ನೂ ಕಡಿಮೆಗೋ ಕೊಂಡ ಪ್ರವಾಸಿಗಳೂ ಒಂದೇ ಕಡೆ ಕೂರಬೇಕಾಯಿತು. ಇಷ್ಟು ದುಡ್ಡು ಕೊಟ್ಟ ನಮಗೆ ಸಿಕ್ಕಿದ್ದೇನು ಅಂತ ವ್ಯಾಪಾರಿಗಳು ಗೊಣಗಿದರು. 1976ರಲ್ಲಿ ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ವಿಮಾನ ಕಂಪನಿ ಪೂರ್ತಿ ದರದವರಿಗೆ ಎಕಾನಮಿಯ ಮುಂಭಾಗದಲ್ಲಿ, ಫಸ್ಟ್ ಕ್ಲಾಸಿನ ಬೆನ್ನಿಗೇ, ಬೇರೆ ಜಾಗ ಮಾಡಿಕೊಟ್ಟಿತು. 1978ರಲ್ಲಿ ಅಮೆರಿಕದ ಪ್ಯಾನ್ ಆಮ್ ತನ್ನ 'ಕ್ಲಿಪ್ಪರ್ ಕ್ಲಾಸ್' ತಂದಿತು. ಅಗಲ ಸೀಟು, ಮಲಗುವ ಸೀಟು ಎಲ್ಲ ಬಂದಿದ್ದು ಆಮೇಲೆ. ಶುರುವಿನಲ್ಲಿ ಅದು ವೈ ಟಿಕೆಟ್ ಇದ್ದವರನ್ನು ಮಿಕ್ಕವರಿಂದ ಬೇರೆ ಕೂರಿಸುವ ಏರ್ಪಾಡು, ಅಷ್ಟೇ. ಆ ಕಾಲದಲ್ಲಿ ಜಾಸ್ತಿ ಕೊಟ್ಟವರು ಮುಂದೆ ಕೂರುತ್ತಿದ್ದರು. ಲೆಕ್ಕ ಎಲ್ಲರಿಗೂ ಅರ್ಥವಾಗುವಂತಿತ್ತು.

ಈಗ ಹಾಗಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸೀಟು ಮಾರುವ ಗಣಿತಕ್ಕೆ ಸ್ವಲ್ಪ ಇಳಿಯಬೇಕು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗವೇ ಇದು.

1972ರಲ್ಲಿ ಬ್ರಿಟನ್ನಿನ ಬಿಒಎಸಿ ಅನ್ನುವ ವಿಮಾನ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಕೆನ್ ಲಿಟಲ್‌ವುಡ್ ಒಂದು ಸರಳ ನಿಯಮ ಹೇಳಿದರು. ಅಗ್ಗದ ಟಿಕೆಟ್ಟಿನ ಬೆಲೆ 100, ದುಬಾರಿಯದು 250 ಅಂತ ಇಟ್ಟುಕೊಳ್ಳಿ. ಒಂದು ಸೀಟು ಉಳಿದಿದೆ. 100 ಕೊಡುವವರು ಈಗಲೇ ಎದುರಿಗೆ ನಿಂತಿದ್ದಾರೆ. 250 ಕೊಡುವವರು ನಾಳೆ ಬರಬಹುದು, ಬರದೆಯೂ ಇರಬಹುದು. ಅವರು ಬರುವ ಸಾಧ್ಯತೆ ಶೇಕಡಾ 40ಕ್ಕಿಂತ ಜಾಸ್ತಿ ಇದ್ದರೆ ಸೀಟು ಇಟ್ಟುಕೊಳ್ಳಿ, ಕಡಿಮೆ ಇದ್ದರೆ ಈಗಲೇ ಕೊಟ್ಟುಬಿಡಿ. ಯಾಕೆಂದರೆ 250ರ ಶೇಕಡಾ 40 ಅಂದರೆ ಸರಿಯಾಗಿ 100. ವಿಮಾನದ ಒಂದೊಂದು ಸೀಟಿಗೂ ಈ ಲೆಕ್ಕ ಹಾಕುತ್ತಾ ಹೋದರೆ ಯಾವ ದರಕ್ಕೆ ಎಷ್ಟು ಸೀಟು ಬಿಡಬೇಕು ಅಂತ ಸಿಗುತ್ತದೆ. ಅಕ್ಷರಗಳ ಹಿಂದೆ ಕೆಲಸ ಮಾಡುತ್ತಿರುವುದು ಇದೇ ಲೆಕ್ಕ.

ಅಮೆರಿಕದಲ್ಲಿ 1978ರಲ್ಲಿ ಟಿಕೆಟ್ ದರದ ಮೇಲಿನ ಸರ್ಕಾರದ ಹಿಡಿತ ಸಡಿಲಿಸುವ ಕಾನೂನು ಬಂದಿತು. 1981ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಅನ್ನುವ ಅಗ್ಗದ ಕಂಪನಿ ಹಾರಾಟ ಶುರು ಮಾಡಿ ದೊಡ್ಡವರ ನಿದ್ದೆಗೆಡಿಸಿತು. ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ರಾಬರ್ಟ್ ಕ್ರ್ಯಾಂಡಲ್ 1985ರ ಜನವರಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಪೀಪಲ್ ಎಕ್ಸ್‌ಪ್ರೆಸ್‌ಗೆ ಸರಿಸಾಟಿಯಾದ ಅಗ್ಗದ ದರ, ಆದರೆ ಕೆಲವೇ ಸೀಟಿಗೆ, ಮುಂಚಿತವಾಗಿ ಕೊಂಡವರಿಗೆ ಮಾತ್ರ. ಮಿಕ್ಕ ಸೀಟುಗಳನ್ನು ಕಡೆ ಗಳಿಗೆಯಲ್ಲಿ ಬರುವ ವ್ಯಾಪಾರಿಗಳಿಗೆ ಅಂತ ಕಂಪ್ಯೂಟರ್ ಎತ್ತಿಟ್ಟಿತು. 1987ರ ಹೊತ್ತಿಗೆ ಪೀಪಲ್ ಎಕ್ಸ್‌ಪ್ರೆಸ್ ಕಾಂಟಿನೆಂಟಲ್ ಏರ್‌ಲೈನ್ಸ್ ಒಳಗೆ ಸೇರಿಹೋಗಿತ್ತು. ಈ ಲೆಕ್ಕಾಚಾರದಿಂದ ಮೂರು ವರ್ಷದಲ್ಲಿ 140 ಕೋಟಿ ಡಾಲರ್ ಲಾಭವಾಯಿತು ಅಂತ ಅಮೆರಿಕನ್‌ನ ತಜ್ಞರೇ 1992ರಲ್ಲಿ ಬರೆದುಕೊಂಡರು. ಅಷ್ಟು ದುಡ್ಡು ತಂದ ವಿದ್ಯೆಯನ್ನು ಯಾರು ಬಿಡುತ್ತಾರೆ? ಬೇರೆ ಕಂಪನಿಗಳೂ ಕಲಿತವು.

ಇಲ್ಲಿಂದಲೇ ಅಪ್‌ಗ್ರೇಡಿನ ಕಥೆ ಶುರುವಾಗುತ್ತದೆ. ಬಿಸಿನೆಸ್ ಕ್ಲಾಸಿನ ಖಾಲಿ ಸೀಟು ಕಂಪನಿಯ ಕಣ್ಣಿಗೆ ಖಾಲಿ ಸೀಟು ಅಲ್ಲ. ಇನ್ನೂ ಮಾರಾಟ ಆಗಬಹುದಾದ ಸೀಟು. ವಿಮಾನ ಹೊರಡುವ ಹಿಂದಿನ ದಿನವೂ ಯಾರಾದರೂ ಪೂರ್ತಿ ದರ ಕೊಟ್ಟು ಕೊಳ್ಳಬಹುದು ಅನ್ನುವ ಆಸೆ ಇರುವ ತನಕ ಅದನ್ನು ಸುಮ್ನೆ ಕೊಡುವುದಿಲ್ಲ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಸೀಟು ಲಭ್ಯತೆಯ ಸಾಲು ಓದಲು ಕಲಿಯಬೇಕು. ಎಕ್ಸ್‌ಪರ್ಟ್‌ಫ್ಲೈಯರ್‌ನಂಥ ತಾಣಗಳು ಅದನ್ನು ತೋರಿಸುತ್ತವೆ. ಯುನೈಟೆಡ್‌ನ ಒಂದು ವಿಮಾನದ ಸಾಲು ಹೀಗಿದೆ ಅಂದುಕೊಳ್ಳಿ: ಜೆ9 ಸಿ9 ಡಿ6 ಝಡ್2 ಪಿ0 ಪಿಝಡ್0. ಅಕ್ಷರದ ಪಕ್ಕದ ಅಂಕಿ ಆ ದರಕ್ಕೆ ಎಷ್ಟು ಸೀಟು ಮಾರಲು ಸಿದ್ಧ ಅಂತ ಹೇಳುತ್ತದೆ. 9 ಅಂದರೆ ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ. ಪೂರ್ತಿ ದರಕ್ಕೆ ಬೇಕಾದರೆ ಒಂಬತ್ತು ಸೀಟು ಕೊಡುತ್ತಾರೆ. ರಿಯಾಯಿತಿಯ ಝಡ್ ದರಕ್ಕೆ ಎರಡೇ. ಇನ್ನೂ ಅಗ್ಗದ ಪಿ ದರಕ್ಕೆ ಒಂದೂ ಇಲ್ಲ. ಕೊನೆಯ ಪಿಝಡ್ ಅಂದರೆ ಆ ಕಂಪನಿಯಲ್ಲಿ ಗಳಿಸಿಟ್ಟ ಪಾಯಿಂಟ್ ಬಳಸಿ ಅಪ್‌ಗ್ರೇಡ್ ಮಾಡಿಕೊಳ್ಳುವವರಿಗೆ ಅಂತ ತೆಗೆದಿಟ್ಟ ಸೀಟು. ಅಲ್ಲೂ ಸೊನ್ನೆ. ಸೀಟ್ ಮ್ಯಾಪ್ ತೆರೆದರೆ ಅರ್ಧ ಕ್ಯಾಬಿನ್ ಖಾಲಿ ಕಾಣಿಸುತ್ತದೆ. ಆದರೆ ಈ ಸಾಲು ಬೇರೆ ಮಾತು ಹೇಳುತ್ತಿದೆ. ಖಾಲಿ ಇದೆ, ಆದರೆ ನಿಮಗಿಲ್ಲ.

ಸೀಟ್ ಮ್ಯಾಪ್ ನೋಡಿ ಗಾಳಿಗೋಪುರ ಕಟ್ಟಿ ಬೇಸರ ಮಾಡಿಕೊಳ್ಳುವವರಿಗೆ ನಾನು ಮೊದಲು ತೋರಿಸುವುದೇ ಈ ಸಾಲನ್ನು. ಒಮ್ಮೆ ಇದು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ಫೇರ್ ಕ್ಲಾಸ್ ಯಾವ ಯಾವ ಹಂತದಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದಕ್ಕೆ ಬರೋಣ. ಎಲ್ಲ ಅಪ್‌ಗ್ರೇಡ್ ಒಂದೇ ಅಲ್ಲ. ಮೈಲ್ಸ್ ಅಥವಾ ಪಾಯಿಂಟ್ ಕೊಟ್ಟು ಪಡೆಯುವುದು ಒಂದು. ಪದೇ ಪದೇ ಹಾರಾಡಿ ಗೋಲ್ಡ್, ಪ್ಲಾಟಿನಮ್ ಅಂತ ಸ್ಟೇಟಸ್ ಗಳಿಸಿದವರಿಗೆ ಉಚಿತವಾಗಿ ಸಿಗುವುದು ಇನ್ನೊಂದು. ದುಡ್ಡು ಇಷ್ಟು ಕೊಡುತ್ತೇನೆ ಅಂತ ಬಿಡ್ ಹಾಕುವುದು ಮತ್ತೊಂದು. ಎಕಾನಮಿ ತುಂಬಿ ತುಳುಕಿದಾಗ ಕಂಪನಿಯೇ ತನ್ನ ಅಗತ್ಯಕ್ಕೆ ಕೆಲವರನ್ನು ಮುಂದೆ ಕಳಿಸುವುದೂ ಇದೆ. ಒಂದೊಂದರಲ್ಲೂ ಅಕ್ಷರದ ಕೆಲಸ ಬೇರೆ.

ಪಾಯಿಂಟ್ ಅಪ್‌ಗ್ರೇಡ್‌ನಲ್ಲಿ ಅದು ಬಾಗಿಲ ಕಾವಲು ಕಾಯುತ್ತದೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಕ್ಯೂ, ಒ, ಜಿ ಅಕ್ಷರದ ಎಕಾನಮಿ ಟಿಕೆಟ್ ಇದ್ದರೆ ನಿಮ್ಮ ಖಾತೆಯಲ್ಲಿ ಲಕ್ಷ ಅವಿಯೋಸ್ (ಅವರ ಪಾಯಿಂಟ್‌ನ ಹೆಸರು) ಇದ್ದರೂ ಅಪ್‌ಗ್ರೇಡ್ ಆಗುವುದಿಲ್ಲ. ಸಿಂಗಾಪುರ್ ಏರ್‌ಲೈನ್ಸ್‌ನ ಅಗ್ಗದ ದರವಾದ ಎಕಾನಮಿ ಲೈಟ್‌ಗೂ ಮೈಲ್ಸ್ ಅಪ್‌ಗ್ರೇಡ್ ಇಲ್ಲ. ಅದರ ಮೇಲಿನ ದರಕ್ಕೆ ಉಂಟು. ಆಸ್ಟ್ರೇಲಿಯಾದ ಕ್ವಾಂಟಸ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಅಗ್ಗದ ಎಕಾನಮಿಯವರಿಗೂ ಅವಕಾಶ ಇದೆ, ಆದರೆ ಫ್ಲೆಕ್ಸಿಬಲ್ ಟಿಕೆಟ್ ಇದ್ದವರಿಗಿಂತ ಜಾಸ್ತಿ ಪಾಯಿಂಟ್ ಕೊಡಬೇಕು. ನನಗೆ ಕೇಳಿದರೆ ಕ್ವಾಂಟಸ್‌ನ ದಾರಿಯೇ ಸರಿ. ಉಳಿಸಿದ ದುಡ್ಡಿಗೆ ಪಾಯಿಂಟ್‌ನಲ್ಲಿ ಬೆಲೆ ತೆರುವುದು ನ್ಯಾಯ. ಬಾಗಿಲೇ ಹಾಕಿಬಿಡುವುದು, ಅದೂ ಮೊದಲೇ ಸರಿಯಾಗಿ ಹೇಳದೆ ಹಾಕುವುದು, ನ್ಯಾಯ ಅಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ತುಂಬಾ ಕಂಪನಿಗಳಲ್ಲಿ ಪಾಯಿಂಟ್ ಅಪ್‌ಗ್ರೇಡ್ ಅಂದರೆ ಒಂದೇ ಮೆಟ್ಟಿಲು. ಎಕಾನಮಿಯಿಂದ ಪ್ರೀಮಿಯಂ ಎಕಾನಮಿ, ಪ್ರೀಮಿಯಂ ಎಕಾನಮಿಯಿಂದ ಬಿಸಿನೆಸ್. ಬ್ರಿಟಿಷ್ ಏರ್‌ವೇಸ್, ಸಿಂಗಾಪುರ್ ಎರಡರಲ್ಲೂ ಹೀಗೇ. ಮಲಗಿಕೊಂಡು ಹೋಗುವ ಸೀಟೇ ಬೇಕು ಅಂದರೆ ಪ್ರೀಮಿಯಂ ಎಕಾನಮಿ ಟಿಕೆಟ್ ಕೊಂಡು ಅಲ್ಲಿಂದ ಪ್ರಯತ್ನಿಸುವುದು ಮೇಲು. ಎಕಾನಮಿಯ ಮೇಲಿನ ದರದ ಅಕ್ಷರಕ್ಕೂ ಪ್ರೀಮಿಯಂ ಎಕಾನಮಿಯ ಕೆಳಗಿನ ದರಕ್ಕೂ ಕೆಲವೊಮ್ಮೆ ದೊಡ್ಡ ಅಂತರವೇ ಇರುವುದಿಲ್ಲ. ನೋಡಿಯೇ ಕೊಳ್ಳಬೇಕು.

ಸ್ಟೇಟಸ್‌ನಿಂದ ಸಿಗುವ ಉಚಿತ ಅಪ್‌ಗ್ರೇಡ್‌ನಲ್ಲಿ ಲೆಕ್ಕ ಬೇರೆ. ಇದು ಜಾಸ್ತಿ ಇರುವುದು ಅಮೆರಿಕದ ಕಂಪನಿಗಳಲ್ಲಿ. ಯುನೈಟೆಡ್‌ನಲ್ಲಿ ಒನ್‌ಕೆ ಅನ್ನುವ ಮೇಲಿನ ಸ್ಟೇಟಸ್‌ನ ಸದಸ್ಯರಿಗೆ ವಿಮಾನ ಹೊರಡುವ 96 ಗಂಟೆ ಮೊದಲು ಬಾಗಿಲು ತೆರೆಯುತ್ತದೆ. ಪ್ಲಾಟಿನಮ್‌ಗೆ 72 ಗಂಟೆ, ಗೋಲ್ಡ್‌ಗೆ 48. ಯಾರ ಸ್ಟೇಟಸ್ ಮೇಲಿದೆಯೋ ಅವರು ಮುಂದೆ. ಒಂದೇ ಸ್ಟೇಟಸ್ ಇರುವ ಇಬ್ಬರು ಎದುರಾದರೆ ಆಗ ಫೇರ್ ಕ್ಲಾಸ್ ನೋಡುತ್ತಾರೆ. ಎಂ ಟಿಕೆಟ್ ಇರುವ ಗೋಲ್ಡ್ ಸದಸ್ಯರು ಎಲ್ ಟಿಕೆಟ್ ಇರುವ ಗೋಲ್ಡ್ ಸದಸ್ಯರಿಗಿಂತ ಮುಂದೆ. ಡೆಲ್ಟಾದಲ್ಲೂ ಮೊದಲು ಸ್ಟೇಟಸ್, ಅದರೊಳಗೆ ದರ. ಆದರೆ ಎಲ್ ಟಿಕೆಟ್ ಇರುವ ಪ್ಲಾಟಿನಮ್ ಸದಸ್ಯರು ಎಂ ಟಿಕೆಟ್ ಇರುವ ಗೋಲ್ಡ್‌ನವರನ್ನು ಹಿಂದೆ ಹಾಕುತ್ತಾರೆ. ಅಂದರೆ ಅಕ್ಷರ ನಿಮ್ಮನ್ನು ನಿಮ್ಮ ಗುಂಪಿನೊಳಗೆ ಮೇಲೆ ಏರಿಸುತ್ತದೆ. ಮೇಲಿನ ಗುಂಪಿಗೆ ಸೇರಿಸುವುದಿಲ್ಲ.

ಇದಕ್ಕೆ ಒಂದು ಅಪವಾದ ಉಂಟು, ಚೆನ್ನಾಗಿರುವ ಅಪವಾದ. ಯುನೈಟೆಡ್‌ನಲ್ಲಿ ಸ್ಟೇಟಸ್ ಇರುವವರು ವೈ ಅಥವಾ ಬಿ ಟಿಕೆಟ್ ಕೊಂಡರೆ, ಆ ವಿಮಾನದಲ್ಲಿ ಪಿಎನ್ ಅನ್ನುವ ಲೆಕ್ಕದಲ್ಲಿ ಸೀಟು ಇದ್ದರೆ, ಕೊಂಡ ಕೂಡಲೇ ಅಪ್‌ಗ್ರೇಡ್. ಕಾಯುವ ಮಾತೇ ಇಲ್ಲ. ಹಳೆಯ ಕಾಲದ ವೈ ಟಿಕೆಟ್‌ನ ಮರ್ಯಾದೆ ಉಳಿದಿರುವುದು ಇಂಥ ಕಡೆ ಮಾತ್ರ. ಹಿಂದೆ ಅಮೆರಿಕದಲ್ಲಿ 'ವೈ-ಅಪ್' ಅನ್ನುವ ದರಗಳೂ ಇದ್ದವು. ಹೆಸರಿಗೆ ಎಕಾನಮಿ ದರ, ಕೂರುವುದು ಫಸ್ಟ್ ಕ್ಲಾಸಿನಲ್ಲಿ. ಫೇರ್ ಬೇಸಿಸ್ ಕೋಡಿನಲ್ಲೇ 'ಯುಪಿ' ಅಂತ ಇರುತ್ತಿತ್ತು. ಗೊತ್ತಿದ್ದವರು ಕೋಡ್ ಓದಿ ಕೊಳ್ಳುತ್ತಿದ್ದರು.

ಅಮೆರಿಕನ್ ಏರ್‌ಲೈನ್ಸ್ ಬೇರೆ ರೀತಿ ಸಾಲು ಕಟ್ಟುತ್ತದೆ. ಅಲ್ಲಿ ಸ್ಟೇಟಸ್ ಆದ ಮೇಲೆ ನೋಡುವುದು ಕಳೆದ 12 ತಿಂಗಳಲ್ಲಿ ನೀವು ಗಳಿಸಿದ ಲಾಯಲ್ಟಿ ಪಾಯಿಂಟ್. ಈ ಪಾಯಿಂಟ್ ಹಾರಾಟದಿಂದ ಮಾತ್ರ ಬರುವುದಿಲ್ಲ, ಅವರ ಕ್ರೆಡಿಟ್ ಕಾರ್ಡ್ ಉಜ್ಜಿದರೂ ಬರುತ್ತದೆ. ಹಾಗಾಗಿ ಇವತ್ತಿನ ಟಿಕೆಟ್‌ಗೆ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ವರ್ಷವಿಡೀ ಆ ಕಂಪನಿಯ ಜೊತೆ ಎಷ್ಟು ವ್ಯವಹಾರ ಮಾಡಿದಿರಿ ಅನ್ನುವುದೇ ಮುಖ್ಯವಾಗುತ್ತದೆ. ಫೇರ್ ಕ್ಲಾಸ್ ಸಾಲಿನಲ್ಲಿ ಹಿಂದಕ್ಕೆ ಸರಿದಿದೆ.

ಅಗ್ಗದ ಕಡೆಯ ಕಥೆ ಕೇಳಿ. ಬೇಸಿಕ್ ಎಕಾನಮಿ ಅನ್ನುವುದನ್ನು ಡೆಲ್ಟಾ 2012ರ ಹೊತ್ತಿಗೆ ಪ್ರಯೋಗ ಮಾಡಿತು. ಯುನೈಟೆಡ್, ಅಮೆರಿಕನ್ 2017ರಲ್ಲಿ ಹಿಂಬಾಲಿಸಿದವು. ಡೆಲ್ಟಾದಲ್ಲಿ ಇದಕ್ಕೆ ಇ ಅಕ್ಷರ, ಯುನೈಟೆಡ್‌ನಲ್ಲಿ ಎನ್. ಆಯಾ ಕಂಪನಿಯ ಟಿಕೆಟ್ಟಿನ ಮೇಲೆ ಈ ಅಕ್ಷರ ಬಿದ್ದರೆ ಉಚಿತ ಅಪ್‌ಗ್ರೇಡ್ ಆಸೆ ಅಲ್ಲಿಗೇ ಮುಗಿಯಿತು. ನಿಮಗೆ ಎಷ್ಟೇ ದೊಡ್ಡ ಸ್ಟೇಟಸ್ ಇರಲಿ, ಪಟ್ಟಿಗೆ ಹೆಸರೇ ಸೇರುವುದಿಲ್ಲ. ಅಮೆರಿಕನ್ ಮಾತ್ರ 2020ರಲ್ಲಿ ಬೇಸಿಕ್ ಎಕಾನಮಿ ಕೊಂಡ ಸ್ಟೇಟಸ್ ಸದಸ್ಯರಿಗೂ ಅಪ್‌ಗ್ರೇಡ್ ಪಟ್ಟಿ ತೆರೆಯಿತು. ಒಂದೇ ದೇಶದ ಮೂರು ಕಂಪನಿ ನೋಡಿ, ನಿಯಮ ಎಷ್ಟು ಬೇರೆ ಅಂತ.

ಬಿಡ್ ಹಾಕುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2009ರಲ್ಲಿ ಶುರುವಾದ ಮಾಂಟ್ರಿಯಲ್‌ನ ಪ್ಲಸ್‌ಗ್ರೇಡ್ ಅನ್ನುವ ಕಂಪನಿ ಇದರ ತಂತ್ರಜ್ಞಾನವನ್ನು ಹಲವು ಏರ್‌ಲೈನ್‌ಗಳಿಗೆ ಒದಗಿಸುತ್ತದೆ. ಇಮೇಲ್ ಬರುತ್ತದೆ, ನೀವು ಮೊತ್ತ ಹೇಳುತ್ತೀರಿ, ಒಪ್ಪಿದರೆ ಮಾತ್ರ ದುಡ್ಡು ಕಡಿತ. ಇಲ್ಲಿ ಅಕ್ಷರಕ್ಕಿಂತ ನೀವು ಹೇಳಿದ ಮೊತ್ತದ್ದೇ ಮಾತು. ಒಂದನ್ನು ಮಾತ್ರ ನೆನಪಿಡಿ. ಬಿಡ್ ಗೆದ್ದು ಬಿಸಿನೆಸ್‌ನಲ್ಲಿ ಕೂತರೂ ಟಿಕೆಟ್ಟಿನ ನಿಯಮ ಸಾಮಾನ್ಯವಾಗಿ ಹಳೆಯ ಅಕ್ಷರದ್ದೇ. ಮೈಲ್ಸ್ ಬರುವುದು, ಬದಲಾವಣೆಗೆ ದಂಡ ಬೀಳುವುದು, ಬಹುಪಾಲು ಕಂಪನಿಗಳಲ್ಲಿ ಎಲ್ಲ ಹಳೆಯ ಎಕಾನಮಿ ಲೆಕ್ಕದಲ್ಲೇ.

ಇನ್ನು ಕಂಪನಿಯೇ ತಾನಾಗಿ ಮುಂದೆ ಕಳಿಸುವ ಅಪ್‌ಗ್ರೇಡ್. ಎಲ್ಲರ ಕನಸಿನಲ್ಲಿ ಬರುವುದು ಇದೇ. ಕೌಂಟರಿನಲ್ಲಿ ನಗುನಗುತ್ತಾ ಮಾತಾಡಿದರೆ ಸಿಗುತ್ತದೆ, ಒಳ್ಳೆಯ ಬಟ್ಟೆ ಹಾಕಿದರೆ ಸಿಗುತ್ತದೆ, ಹನಿಮೂನ್ ಅಂದರೆ ಸಿಗುತ್ತದೆ ಅಂತೆಲ್ಲ ಹೇಳುತ್ತಾರೆ. ನಗುವುದು ಒಳ್ಳೆಯದೇ, ಎದುರಿಗಿರುವವರೂ ಮನುಷ್ಯರೇ ಅಲ್ವಾ. ಆದರೆ ಯಾರನ್ನು ಮುಂದೆ ಕಳಿಸಬೇಕು ಅಂತ ಸಾಮಾನ್ಯವಾಗಿ ಕಂಪ್ಯೂಟರ್ ಮೊದಲೇ ಸಾಲು ಮಾಡಿಟ್ಟಿರುತ್ತದೆ.

ಎಕಾನಮಿಯಲ್ಲಿ ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿರುತ್ತಾರೆ. ಕೆಲವರು ಬರುವುದಿಲ್ಲ ಅನ್ನುವ ಲೆಕ್ಕದ ಮೇಲೆ. ಒಂದು ದಿನ ಎಲ್ಲರೂ ಬಂದುಬಿಡುತ್ತಾರೆ. ಎಕಾನಮಿಯಲ್ಲಿ ನಾಲ್ಕು ಜನಕ್ಕೆ ಸೀಟಿಲ್ಲ, ಬಿಸಿನೆಸ್‌ನಲ್ಲಿ ಆರು ಖಾಲಿ. ನಾಲ್ವರನ್ನು ಬಿಟ್ಟು ಹೋದರೆ ಪರಿಹಾರ ಕೊಡಬೇಕು, ಹೋಟೆಲ್ ಕೊಡಬೇಕು, ಬೈಸಿಕೊಳ್ಳಬೇಕು. ನಾಲ್ವರನ್ನು ಮುಂದೆ ಕಳಿಸಿದರೆ ಖರ್ಚು ಬರೀ ಊಟದ್ದು. ಆಗ ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡುವಾಗ ಯಂತ್ರ ಬೇರೆ ಸದ್ದು ಮಾಡುತ್ತದೆ, ಸಿಬ್ಬಂದಿ ಹಳೆಯ ಪಾಸ್ ತೆಗೆದುಕೊಂಡು ಹೊಸದು ಮುದ್ರಿಸಿ ಕೊಡುತ್ತಾರೆ. ಆ ನಾಲ್ವರನ್ನು ಆರಿಸುವಾಗ ಸ್ಟೇಟಸ್ ಇದ್ದವರು ಮೊದಲು. ಸ್ಟೇಟಸ್ ಯಾರಿಗೂ ಇಲ್ಲದಿದ್ದರೆ ಮೇಲಿನ ಅಕ್ಷರದವರಿಗೆ ಅವಕಾಶ ಜಾಸ್ತಿ. ಸ್ಟೇಟಸ್ ಇಲ್ಲದ ಸಾಮಾನ್ಯ ಪ್ರಯಾಣಿಕರಿಗೆ ಫೇರ್ ಕ್ಲಾಸ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು.

ಇಂಥ ಗಳಿಗೆ ಯಾವಾಗ ಬರುತ್ತದೆ? ರಜೆಯ ದಿನಗಳಲ್ಲಿ. ವ್ಯಾಪಾರಿಗಳು ಮನೆಯಲ್ಲಿರುತ್ತಾರೆ, ಮುಂದಿನ ಕ್ಯಾಬಿನ್ ಖಾಲಿ ಹೊಡೆಯುತ್ತದೆ. ಸಂಸಾರ ಕಟ್ಟಿಕೊಂಡು ಹೊರಟವರಿಂದ ಹಿಂದಿನ ಕ್ಯಾಬಿನ್ ಕಿಕ್ಕಿರಿಯುತ್ತದೆ. ಅದೇ ಸೋಮವಾರ ಬೆಳಿಗ್ಗೆ ಎರಡು ದೊಡ್ಡ ವ್ಯಾಪಾರ ಕೇಂದ್ರಗಳ ನಡುವಿನ ವಿಮಾನ ಹತ್ತಿ ನೋಡಿ. ಸ್ಟೇಟಸ್ ಇರುವವರೇ ಹತ್ತಾರು ಜನ ಇರುತ್ತಾರೆ. ಅಲ್ಲಿ ವೈ ಟಿಕೆಟ್ ಹಿಡಿದವರೂ ಹಿಂದೆಯೇ ಕೂರಬೇಕಾಗಬಹುದು. ಅಕ್ಷರ ಅದೇ, ದಿನ ಬೇರೆ, ಫಲವೂ ಬೇರೆ.

ಸಂಸಾರ ಅಂದಾಗ ನೆನಪಾಯಿತು. ನಾಲ್ಕು ಜನ ಒಂದೇ ಬುಕಿಂಗ್‌ನಲ್ಲಿ ಇದ್ದರೆ ಒಂದು ಸೀಟು ಖಾಲಿ ಆದಾಗ ಆ ನಾಲ್ವರನ್ನು ದಾಟಿ ಒಂಟಿಯಾಗಿ ಹೊರಟವರ ಕೈಗೆ ಸೀಟು ಹೋಗುವುದು ಸಾಮಾನ್ಯ. ಇದರಿಂದ ತಪ್ಪಿಸಿಕೊಳ್ಳಲು ಬುಕಿಂಗ್ ಒಡೆದುಕೊಳ್ಳಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ವಿಮಾನ ರದ್ದಾದ ದಿನ ಒಡೆದ ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡುವ ಅಪಾಯ ಇರುತ್ತದೆ. ಒಂದು ಅಗಲ ಸೀಟಿನ ಆಸೆಗೆ ಅಷ್ಟು ದೊಡ್ಡ ಬೆಲೆ ಬೇಡ.

ಎರಡು ಕಂಪನಿ ಸೇರಿ ಓಡಿಸುವ ಕೋಡ್‌ಶೇರ್ ವಿಮಾನಗಳಲ್ಲಿ ಮತ್ತೊಂದು ತೊಡಕು. ಟಿಕೆಟ್ ಮಾರಿದ್ದು ಒಬ್ಬರು, ಹಾರಿಸುವುದು ಇನ್ನೊಬ್ಬರು. ಮಾರಿದವರ ಅಕ್ಷರ ಹಾರಿಸುವವರ ಪುಸ್ತಕದಲ್ಲಿ ಬೇರೆ ಅಕ್ಷರವಾಗಿ ಬದಲಾಗಬಹುದು. ಅಪ್‌ಗ್ರೇಡ್ ಸೀಟಿನ ಬೀಗದ ಕೈ ಇರುವುದು ಹಾರಿಸುವವರ ಹತ್ತಿರ. ಪಾಯಿಂಟ್ ಇರುವುದು ಮಾರಿದವರ ಖಾತೆಯಲ್ಲಿ. ಇಬ್ಬರ ಸಹಾಯವಾಣಿಯೂ ಇನ್ನೊಬ್ಬರ ಕಡೆ ಕೈ ತೋರಿಸುತ್ತದೆ. ಅಪ್‌ಗ್ರೇಡ್ ಮುಖ್ಯ ಅನ್ನುವವರು ಹಾರಿಸುವ ಕಂಪನಿಯ ಹೆಸರಿನಲ್ಲೇ, ಅದರ ನಂಬರ್ ಇರುವ ಟಿಕೆಟ್ಟನ್ನೇ ಕೊಳ್ಳುವುದು ಒಳ್ಳೆಯದು.

ಹಾಗಾದರೆ ಮೇಲಿನ ಅಕ್ಷರಕ್ಕೆ ಜಾಸ್ತಿ ದುಡ್ಡು ಕೊಡಬೇಕಾ? ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟು. ಬದಲಾವಣೆ, ರೀಫಂಡ್, ಜಾಸ್ತಿ ಲಗೇಜ್ ನಿಮಗೆ ಹೇಗೂ ಬೇಕಿದ್ದರೆ ಕೊಡಿ. ಆ ಸೌಲಭ್ಯ ಖಚಿತವಾಗಿ ಸಿಗುತ್ತದೆ, ಅಪ್‌ಗ್ರೇಡ್ ಸಿಕ್ಕರೆ ಅದರ ಮೇಲೆ ಸಿಕ್ಕಿದ್ದು. ಅಪ್‌ಗ್ರೇಡ್ ಒಂದಕ್ಕೇ ಅಂತ ಕೊಡುವುದಾದರೆ ಮೊದಲು ಎರಡು ನೋಡಿ. ನಿಮ್ಮ ವಿಮಾನದಲ್ಲಿ ಈಗಲೇ ಅಪ್‌ಗ್ರೇಡ್ ಸೀಟು ತೆರೆದಿದೆಯಾ? ತೆರೆದಿದ್ದರೆ ಬೆಲೆ ಹೋಲಿಸಿ, ಕೊಂಡು ಆಗಲೇ ಖಚಿತ ಮಾಡಿಕೊಳ್ಳಿ. ತೆರೆದಿಲ್ಲದಿದ್ದರೆ ರಿಯಾಯಿತಿ ಬಿಸಿನೆಸ್ ದರ ಎಷ್ಟಿದೆ ನೋಡಿ. ಅದಕ್ಕೂ ಎಕಾನಮಿಯ ಮೇಲಿನ ದರಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಅಂದುಕೊಂಡಷ್ಟು ಇರುವುದಿಲ್ಲ. ಮೊಣಕಾಲು ನೋವಿರುವವರು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು, ಇಳಿದ ಕೂಡಲೇ ಕೆಲಸಕ್ಕೆ ಹೋಗಬೇಕಾದವರು, ಇವರೆಲ್ಲ ಅಪ್‌ಗ್ರೇಡ್ ಆಸೆಯ ಮೇಲೆ ಟಿಕೆಟ್ ಕೊಳ್ಳಬಾರದು. ಅವರಿಗೆ ಬೇಕಾಗಿರುವುದು ಸೀಟು, ಸಾಧ್ಯತೆ ಅಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಆ ಸಾಧ್ಯತೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹಿಂದೆ ಮುಂದಿನ ಕ್ಯಾಬಿನ್ನಿನ ಬಹಳಷ್ಟು ಸೀಟು ಮಾರಾಟವಾಗದೆ ಉಳಿಯುತ್ತಿತ್ತು, ಉಳಿದದ್ದನ್ನು ಹಳೆಯ ಗಿರಾಕಿಗಳಿಗೆ ಹಂಚುತ್ತಿದ್ದರು. ಈಗ ಟಿಕೆಟ್ ಕೊಂಡ ದಿನದಿಂದ ಚೆಕ್-ಇನ್ ತನಕ ಆ್ಯಪ್‌ನಲ್ಲಿ 'ಇಷ್ಟು ಕೊಟ್ಟರೆ ಮುಂದೆ ಬನ್ನಿ' ಅಂತ ಕರೆಯುತ್ತಲೇ ಇರುತ್ತಾರೆ. ಒಬ್ಬರಲ್ಲ ಒಬ್ಬರು ಕೊಳ್ಳುತ್ತಾರೆ. ಸ್ಟೇಟಸ್ ಇರುವವರ ಪಟ್ಟಿ ಉದ್ದ ಇದೆ, ಹಂಚುವುದಕ್ಕೆ ಸೀಟಿಲ್ಲ. ಪಟ್ಟಿಯಲ್ಲಿ ನಿಮ್ಮನ್ನು ಮೇಲೆ ಏರಿಸುವ ಅಕ್ಷರಕ್ಕೆ ನೀವು ಕೊಟ್ಟ ದುಡ್ಡು ಹಾಗೇ ವ್ಯರ್ಥವಾಗಬಹುದು.

ಇದರಲ್ಲಿ ನನಗೆ ಸಿಟ್ಟು ಬರುವುದು ಬೆಲೆಯ ಬಗ್ಗೆ ಅಲ್ಲ. ಕಂಪನಿ ತನ್ನ ಸೀಟನ್ನು ತನಗೆ ಬೇಕಾದ ಬೆಲೆಗೆ ಮಾರಲಿ. ಮುಚ್ಚಿಡುವುದರ ಬಗ್ಗೆ ಸಿಟ್ಟು. ಟಿಕೆಟ್ ಕೊಳ್ಳುವ ಪುಟದಲ್ಲಿ 'ಸೇವರ್', 'ವ್ಯಾಲ್ಯೂ', 'ಕಂಫರ್ಟ್' ಅಂತ ಮುದ್ದಾದ ಹೆಸರುಗಳು ದೊಡ್ಡದಾಗಿ ಇರುತ್ತವೆ. ನಿಜವಾದ ಅಕ್ಷರ ನೋಡಬೇಕಾದರೆ 'ವಿವರ' ಅನ್ನುವುದರ ಒಳಗೆ, ಅದರೊಳಗಿನ ಇನ್ನೊಂದು ಕೊಂಡಿಯ ಒಳಗೆ ಹುಡುಕಬೇಕು. ಮಧ್ಯವರ್ತಿ ತಾಣಗಳಲ್ಲಿ ಕೆಲವೊಮ್ಮೆ ದುಡ್ಡು ಕಟ್ಟಿದ ಮೇಲೆಯೇ ಕಾಣಿಸುತ್ತದೆ. ಹೇಗೂ ಪಾಯಿಂಟ್ ಇದೆ, ಆಮೇಲೆ ಅಪ್‌ಗ್ರೇಡ್ ಮಾಡಿಸಿದರಾಯಿತು ಅಂತ ಅಪ್ಪ ಅಮ್ಮನಿಗೆ ದೂರದ ಟಿಕೆಟ್ ಕೊಂಡ ಮಗಳಿಗೆ, ಈ ಅಕ್ಷರಕ್ಕೆ ಅಪ್‌ಗ್ರೇಡ್ ಇಲ್ಲ ಅಂತ ಗೊತ್ತಾಗುವುದು ಆಗ.

ಸೂಟ್‌ಕೇಸ್ ಎಷ್ಟು ಕೆಜಿ ಅಂತ ಚಿತ್ರ ಬರೆದು ತೋರಿಸುವ ಪುಟದಲ್ಲಿ ಇನ್ನೊಂದು ಸಾಲಿಗೆ ಜಾಗ ಇದ್ದೇ ಇದೆ. 'ಈ ಟಿಕೆಟ್ ಕ್ಯೂ ಕ್ಲಾಸ್, ಪಾಯಿಂಟ್ ಕೊಟ್ಟು ಅಪ್‌ಗ್ರೇಡ್ ಮಾಡಲು ಬರುವುದಿಲ್ಲ.' ದುಡ್ಡು ಕಟ್ಟುವ ಬಟನ್ನಿನ ಮೇಲೆ, ಬೆಲೆ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ. ಅಷ್ಟು ಬರೆಯುವ ತನಕ ನಾವೇ ಬುಕಿಂಗ್ ಮುಗಿಸುವ ಮೊದಲು ಆ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಸಿಗಲಿಲ್ಲ ಅಂದರೆ ಕಂಪನಿಗೆ ಫೋನ್ ಮಾಡಿ ಕೇಳಿ. ಯಾವ ಅಕ್ಷರದಲ್ಲಿ ಟಿಕೆಟ್ ಕೊಡುತ್ತೀರಿ, ಅದಕ್ಕೆ ಅಪ್‌ಗ್ರೇಡ್ ಇದೆಯಾ, ಅಂತ ನೇರವಾಗಿಯೇ ಕೇಳಿ.